80ಡಿಡಿ ಕಲಂ ಮತ್ತು ನಮ್ಮ ಅಕ್ಕನ ಪ್ರಶ್ನೆ

ಸ್ವಲ್ಪ ಉದ್ದ ಐತಿ. ಆದ್ರೂ ಮನ್ಯಾಗ ಸಣ್ಣ ಮಕ್ಕಳು ಇದ್ದವರು ಕೊನೆತನಕ ಓದ್ರಿ.

ಹೋದ ವರ್ಷ ನಮ್ಮ ದೊಡ್ಡಪ್ಪನ ಮಗಳ ಮಗನಿಗೆ ಆಟಿಸಂ ಅಂತ ಡಾಕ್ಟರ್ ಹೇಳಿದ್ರು. ಅವನಿಗೆ ಮೂರೂವರೆ ವರ್ಷ. ಹೆಸರು ಹಿಡಿದು ಕರೆದ್ರೂ ತಿರುಗಿ ನೋಡಂಗಿಲ್ಲ, ಆಟಿಕೆ ಟ್ರ್ಯಾಕ್ಟರಿನ ಗಾಲಿ ತಿರುಗಿಸ್ತಾ ಕೂತುಬಿಡ್ತಾನ. ಹತ್ತಿಮತ್ತೂರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ದೃಷ್ಟಿ ಆಗೈತಿ." "ಗಂಡುಹುಡುಗ್ರು ತಡಾ ಮಾಡೇ ಮಾತಾಡ್ತಾವ." "ತಾಯೀನ ಮೊಬೈಲ್ ಕೊಟ್ಟು ಕೆಡಿಸ್ಯಾಳ."

ಕೊನೇ ಮಾತು ಅಕ್ಕನಿಗೆ ಚುಚ್ಚಿತು. ಒಂದಿನ ರಾತ್ರಿ ಕಟ್ಟಿ ಮ್ಯಾಲೆ ಕೂತು ಕೇಳಿದ್ಲು: "ನಂದ ತಪ್ಪೇನ, ತಂಗಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕುವ ದಾರಿ ಸಿಕ್ಕಿದ್ದು ಬಿಕಾಂ ಟ್ಯಾಕ್ಸ್ ಪುಸ್ತಕದಲ್ಲಿ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ ಓದ್ತಾ ಇದ್ದೆ. ಅಂಗವಿಕಲರನ್ನು ಸಾಕುವ ಕುಟುಂಬಕ್ಕೆ ಅದರಲ್ಲಿ ವಿನಾಯಿತಿ ಇತ್ತು. 'ಅಂಗವೈಕಲ್ಯ' ಅಂದ್ರೆ ಏನು ಅನ್ನೋ ವಿವರಣೆಯಲ್ಲಿ ಮೊದಲು 1995ರ ಕಾಯ್ದೆಯ ಹೆಸರು ಬರುತ್ತೆ. ಆಮೇಲೆ 1999ರ ಇನ್ನೊಂದು ಕಾಯ್ದೆ ಹೇಳಿ, ಆಟಿಸಂ ಅಂತ ಬೇರೆಯಾಗಿ ಸೇರಿಸಿದ್ದಾರೆ. ಯಾಕೆ ಬೇರೆಯಾಗಿ? ಅದರ ಹಿಂದೆ ದೊಡ್ಡ ಕಥೆಯೇ ಇದೆ.

1. ಒಂದು ಪತ್ರ

1938. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಅನ್ನೋ ಸಣ್ಣ ಊರು. ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗನ ಅಪ್ಪ, ಮಗ ಹೇಗಿದ್ದಾನೆ ಅಂತ 33 ಪುಟ ಟೈಪ್ ಮಾಡಿಸಿ ಬಾಲ್ಟಿಮೋರ್‌ನ ಡಾಕ್ಟರ್ ಲಿಯೋ ಕ್ಯಾನರ್‌ಗೆ ಕಳಿಸಿದರು. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಲೇಖನ ಬರೆದರು. ಅದರಲ್ಲಿ ಮೊದಲನೆಯವನೇ ಡೊನಾಲ್ಡ್. ಆಟಿಸಂ ಪ್ರತ್ಯೇಕ ಸ್ಥಿತಿಯಾಗಿ ಗುರುತಾಗಿದ್ದು ಆ ಲೇಖನದಿಂದ. ಅದಕ್ಕೆ ಬುನಾದಿ ಒಬ್ಬ ತಂದೆ ಬರೆದಿಟ್ಟ ವಿವರ.

2. ತಾಯಿ ಮೇಲೆ ಗೂಬೆ

ನಂತರ ಆಗಿದ್ದು ಅನ್ಯಾಯ. 1950-60ರ ದಶಕದಲ್ಲಿ ದೊಡ್ಡ ದೊಡ್ಡ ತಜ್ಞರೇ 'ತಾಯಿಗೆ ಪ್ರೀತಿ ಇಲ್ಲ, ಫ್ರಿಜ್ ತರ ತಣ್ಣಗಿದ್ದಾಳೆ, ಅದಕ್ಕೇ ಮಗು ಹೀಗಾಯ್ತು' ಅಂದರು. ಕ್ಯಾನರ್ ಮಾತುಗಳೂ ಈ ಆರೋಪಕ್ಕೆ ಬಲ ಕೊಟ್ಟವು.

ಇದನ್ನು ಮುರಿದವರು ಪಾಲಕರು. 1962ರಲ್ಲಿ ಲಂಡನ್ನಿನಲ್ಲಿ ತಂದೆತಾಯಿಗಳು ಸೇರಿ ಸಂಘ ಕಟ್ಟಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ಅವರೂ ಆಟಿಸಂ ಇರುವ ಮಗನ ತಂದೆ, ಇದು ತಾಯಿಯ ತಪ್ಪಲ್ಲ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಅಂತ ಪುಸ್ತಕವನ್ನೇ ಬರೆದರು. ಮರುವರ್ಷ ಅಮೆರಿಕದಲ್ಲೂ ಪಾಲಕರ ಸಂಘ ಬಂತು. 1969ರಲ್ಲಿ ಅದೇ ಸಂಘದ ಸಭೆಯಲ್ಲಿ ನಿಂತು ಕ್ಯಾನರ್, ತಂದೆತಾಯಿಗಳು ನಿರ್ದೋಷಿಗಳು ಅಂತ ಹೇಳಿದರು.

ಅವತ್ತು ಫ್ರಿಜ್, ಇವತ್ತು ಮೊಬೈಲ್. ಮೊಬೈಲ್ ಕಡಿಮೆ ಮಾಡಬೇಕು, ಖರೇ. ಆದ್ರೆ ಆಟಿಸಂ ಬಂದದ್ದು ಅದರಿಂದ ಅಲ್ಲ.

3. ನಮ್ಮ ದೇಶದ ಕಾಯ್ದೆ

1991ರಲ್ಲಿ ದೆಹಲಿಯಲ್ಲಿ ಮೆರ್ರಿ ಬರುವಾ 'ಆ್ಯಕ್ಷನ್ ಫಾರ್ ಆಟಿಸಂ' ಶುರು ಮಾಡಿದರು. ಅವರೂ ಒಬ್ಬ ತಾಯಿಯೇ. ಆದರೆ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ವೈಕಲ್ಯಗಳನ್ನು ಎಣಿಸಿದರು, ಆಟಿಸಂ ಅದರಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮೇಲೆ ಆ ಹೆಸರಲ್ಲಿ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲ ಬಾರಿಗೆ ಹೆಸರು ಬಂತು. 2016ರ ಕಾಯ್ದೆ 21 ವೈಕಲ್ಯಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. 80ಡಿಡಿಯಲ್ಲಿ ಕಂಡ ಆ ಜೋಡಣೆ, 1995ರಲ್ಲಿ ಬಿಟ್ಟುಹೋದದ್ದಕ್ಕೆ ಹಾಕಿದ ತೇಪೆ.

4. ಕರ್ನಾಟಕ

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಇರಲಿಲ್ಲ. ಮೈಸೂರಿನಲ್ಲಿ 1965ರಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿತ್ತು. ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಇದೆ. ಮುಂದೆ ಡಾ. ಪ್ರತಿಭಾ ಕಾರಂತ ಅವರ ಕಾಮ್ ಡೀಲ್ ಬಂತು, ಚಿಕ್ಕ ವಯಸ್ಸಿನಲ್ಲೇ ಮಾತು, ನಡವಳಿಕೆ ಕಲಿಸೋದು ಅವರ ಕೆಲಸ. ಆದ್ರೆ ಸವಣೂರು ತಾಲೂಕಿನವರಿಗೆ ಬೆಂಗಳೂರು, ಮೈಸೂರು ಅಂದ್ರೆ ರಾತ್ರಿ ಬಸ್ಸು, ಕೂಲಿ ಖೋತಾ, ರೂಮ್ ಬಾಡಿಗೆ. ಅಕ್ಕ ಎರಡು ಸಲ ಹೋಗಿ ಬಂದು "ಇನ್ನ ಆಗೂದಿಲ್ಲ" ಅಂದ್ಲು.

ಹತ್ತಿರದ ದಾರಿ ತೆರೆದದ್ದು ಈಚೆಗೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡುವ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ.

5. ಹಾಗಾದ್ರೆ ಈಗ ಏನು ಮಾಡೋದು?

• ಅಂಗನವಾಡಿಗೆ ತಂಡ ಬಂದಾಗ ಮಗುವನ್ನು ತೋರಿಸಿ. 'ನಾಳೆ ಮಾತಾಡ್ತಾನ' ಅಂತ ಕಾಯಬೇಡಿ.
• ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯೂ, ತಾಲೂಕು ಪಂಚಾಯಿತಿ ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಯುಡಿಐಡಿ ಕಾರ್ಡಿಗೆ ಅವರನ್ನು ಹಿಡೀರಿ.
• ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಸಿಗುತ್ತೆ, ಥೆರಪಿಗೂ ಸೇರಿ.
• ಎಲ್ಲಕ್ಕಿಂತ ಮೊದಲು, ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ತಾಯಿಯನ್ನು ಹುಡುಕಿ.

80ಡಿಡಿ ಅಕ್ಕನಿಗೆ ಉಪಯೋಗ ಇಲ್ಲ, ತೆರಿಗೆ ಕಟ್ಟುವಷ್ಟು ಆದಾಯ ಎಲ್ಲಿಂದ? ಆದ್ರೆ ನಿರ್ದೋಷಿ ಅನ್ನೋ ಆ ಮಾತು ಉಪಯೋಗಕ್ಕೆ ಬಂತು. ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ದೊಡ್ಡ ಡಾಕ್ಟರ್ ಹಂಗ ಅಂದ್ನಾ?" ಅಂತ ಮತ್ತೆ ಮತ್ತೆ ಕೇಳಿದ್ಲು. ಸವಣೂರಿನಲ್ಲಿ ಈಗ ಇನ್ನೊಬ್ಬ ತಾಯಿ ಸಿಕ್ಕಿದ್ದಾರೆ. ಇಬ್ಬರೂ ದಿನಾ ಫೋನಿನಲ್ಲಿ ಮಾತಾಡ್ತಾರೆ.

ಡೊನಾಲ್ಡ್ ಏನಾದ? ಅವನು ಕೆಲವು ವರ್ಷ ಒಂದು ರೈತ ದಂಪತಿಯ ಮನೆಯಲ್ಲಿದ್ದ. ಅವನಿಗೆ ಎಣಿಸೋ ಹುಚ್ಚು. ಆ ರೈತ ಬೈಯಲಿಲ್ಲ, ನೇಗಿಲು ಹೊಡೀತಾ ಗೋವಿನಜೋಳದ ಸಾಲು ಎಣಿಸು ಅಂದ. ಮುಂದೆ ಡಿಗ್ರಿ ಮುಗಿಸಿ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಊರವರ ನಡುವೆಯೇ ಬಾಳಿ 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ.

ಗೋವಿನಜೋಳದ ಸಾಲು ನಮ್ಮೂರಲ್ಲೂ ಐತಿ. ಎಣಿಸು ಅನ್ನುವವರು ಬೇಕು, ಅಷ್ಟ.

ನಿಮ್ಮ ಓಣಿಯಲ್ಲಿ ಯಾರಿಗಾದ್ರೂ ಬೇಕಾದೀತು, ಸೇವ್ ಮಾಡಿ ಇಟ್ಕೊಳ್ರಿ.

#ಆಟಿಸಂ #ಸ್ವಲೀನತೆ #ಹತ್ತಿಮತ್ತೂರು #ಸವಣೂರು #ಹಾವೇರಿ #ಇತಿಹಾಸ