ಘಟ್ಟದ ಸಿಂಗಳೀಕ: ಬೇರೆಯಾದ ವಂಶದ ಕಥೆ

ಉಡುಪಿ ಜಿಲ್ಲೆಯ ಸಾಸ್ತಾನದ ಮೂಡಣಕ್ಕಿರುವ ಘಟ್ಟದ ಸಾಲಿನಲ್ಲಿ, ಮೂಕಾಂಬಿಕಾ ಮತ್ತು ಸೋಮೇಶ್ವರ ಅಭಯಾರಣ್ಯಗಳಲ್ಲಿ ಸಿಂಗಳೀಕ ವಾಸಿಸುತ್ತದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಬದುಕೆಲ್ಲ ಮರದ ನೆತ್ತಿಯಲ್ಲೇ, ನೆಲಕ್ಕಿಳಿಯುವುದು ಅಪರೂಪ. ಹಾಗಾಗಿ ಬೇರೆ ಪ್ರಾಣಿಗಳಿಗೆ ದಾರಿಯಾಗುವ ಬಯಲೇ ಇದಕ್ಕೆ ಗೋಡೆ. ಕೇರಳದ ಪಾಲಕ್ಕಾಡು ಕಣಿವೆಯ ಉತ್ತರದ ಮತ್ತು ದಕ್ಷಿಣದ ಸಿಂಗಳೀಕಗಳ ಡಿಎನ್‌ಎ ಹೋಲಿಸಿದಾಗ, ಇವು ಸುಮಾರು 20 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದವೆಂದು ತಿಳಿಯಿತು. ನಮ್ಮ ಘಟ್ಟದವು ಉತ್ತರದ ಕವಲಿನವು.

ಬೇರ್ಪಟ್ಟರೆ ವೈವಿಧ್ಯ ಹುಟ್ಟುತ್ತದೆ ಎಂದಾದರೆ ಕಾಡು ತುಂಡಾದರೆ ನಷ್ಟವೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂದು ಕಣಿವೆಯ ಎರಡೂ ಕಡೆ ದೊಡ್ಡ ಕಾಡಿತ್ತು, ಲಕ್ಷಾಂತರ ವರ್ಷಗಳ ಕಾಲಾವಕಾಶವಿತ್ತು. ತೋಟ, ರಸ್ತೆ, ಅಣೆಕಟ್ಟೆಗಳ ನಡುವೆ ಉಳಿದ ಚೂರುಕಾಡಿಗೆ ಇವೆರಡೂ ಇಲ್ಲ. ಚಿಕ್ಕ ಗುಂಪಿನಲ್ಲಿ ಯಾವ ಗುಣ ಉಳಿಯಬೇಕೆಂಬುದನ್ನು ಅದರ ಉಪಯೋಗಕ್ಕಿಂತ ಆಕಸ್ಮಿಕವೇ ಹೆಚ್ಚಾಗಿ ತೀರ್ಮಾನಿಸುತ್ತದೆ. ರಕ್ತಸಂಬಂಧಿಗಳೊಳಗೇ ಸಂತಾನ ಬೆಳೆಯುತ್ತದೆ. ಬೇರ್ಪಟ್ಟ ಚಿಕ್ಕ ಹುಲಿ ಗುಂಪಿರುವ ಒಡಿಶಾದ ಸಿಮ್ಲಿಪಾಲ ಕಾಡು ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿಕೊಟ್ಟಂತೆ, ಅಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹುಲಿಗಳ ಪಟ್ಟೆಗಳು ಒಂದೇ ಜೀನಿನ ಬದಲಾವಣೆಯಿಂದ ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ಮೈ ಕಪ್ಪಾಗಿ ಕಾಣುತ್ತದೆ. ಹೀಗೆ ಒಂಟಿಯಾಗದಿರಲು ಸಿಂಗಳೀಕಕ್ಕೆ ಬೇಕಾದದ್ದು ಕೊಂಬೆಗೆ ಕೊಂಬೆ ಕೂಡುವ ಕಾಡು. ಪ್ರಾಯದ ಗಂಡುಗಳು ಹುಟ್ಟಿದ ಗುಂಪು ಬಿಟ್ಟು ಇನ್ನೊಂದನ್ನು ಸೇರುವುದು ಆ ದಾರಿಯಲ್ಲೇ.