ಕಟ್ಟಡದ ಸದ್ದು: ಅಳತೆ ಬಂತು, ಹತೋಟಿ ಎಲ್ಲಿ?

ಬೆಂಗಳೂರಿನ ಬೆನ್ಸನ್ ಟೌನಿನಲ್ಲಿ ಹಳೇ ಬಂಗಲೆ ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುವಾಗ ಅಕ್ಕಪಕ್ಕದವರು ಈಗ ಮೊಬೈಲ್ ಹಿಡಿದು ಡೆಸಿಬೆಲ್ ಓದುತ್ತಾರೆ. ಅಂಕಿ ಸಿಕ್ಕಿತು, ಇನ್ನು ನಿಯಂತ್ರಣ ತಾನಾಗಿಯೇ ಆಗುತ್ತದೆ ಎಂಬ ಭ್ರಮೆ ಹಬ್ಬಿರುವುದರಿಂದಲೇ ಈ ಸಮೀಕ್ಷೆ.

ಆರಂಭವನ್ನು ಬೇಗ ಮುಗಿಸಬಹುದು. ನಗರ ಯೋಜನೆಯಲ್ಲಿ ಸದ್ದು ತಗ್ಗಿಸಲು ನಮ್ಮಲ್ಲಿ 1968ರಲ್ಲೇ ಐಎಸ್ 4954 ಎಂಬ ಮಾನಕ ಬಂದಿತ್ತು, ಓದಿದವರು ಕಡಿಮೆ. ಬ್ರಿಟನ್ 1974ರ ಕಾಯ್ದೆಯಲ್ಲಿ ನಿರ್ಮಾಣದ ಸದ್ದಿಗೇ ಪ್ರತ್ಯೇಕ ಕಲಮು ಇಟ್ಟಿತು. ಇಲ್ಲಿ 1987ರ ತಿದ್ದುಪಡಿ ಶಬ್ದವನ್ನು ವಾಯುಮಾಲಿನ್ಯದ ಲೆಕ್ಕಕ್ಕೆ ಸೇರಿಸಿತು. 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಗೊತ್ತುಮಾಡಿದವು. 2010ರಲ್ಲಿ ವಸತಿ ಪ್ರದೇಶದ ನಿರ್ಮಾಣ ಯಂತ್ರಗಳಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತಡೆ ಬಿತ್ತು, ಕಾಗದದಲ್ಲಾದರೂ.

ನಮ್ಮ ತಲೆಮಾರಿಗೆ ನಿಜವಾದ ಪಾಠ ಸಿಕ್ಕಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸೈಲೆನ್ಸರುಗಳ ಬಗ್ಗೆ ಅಲ್ಲಿನ ಎಂ.ಎಲ್. ಮುಂಜಾಲ್ 1987ರಲ್ಲಿ ಪ್ರಕಟಿಸಿದ ಗ್ರಂಥ ನಮಗೆಲ್ಲ ಕೈಪಿಡಿಯಾಯಿತು. ಆ ಪಂಥದ ಹಟ ಒಂದೇ: ಸದ್ದನ್ನು ಹುಟ್ಟುವಲ್ಲೇ ಹಿಡಿಯಿರಿ. 2002ರ ನಿಯಮ ಜನರೇಟರಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿ ಹಾಕಿತು, ಹೊದಿಕೆಯನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳಿಸಬೇಕಾಯಿತು. ಇಂದು ಜನರೇಟರಿನ ಪಕ್ಕ ನಿಂತು ಮಾತಾಡಬಹುದು. ಈ ಕ್ಷೇತ್ರದಲ್ಲಿ ನಾವು ಗೆದ್ದಿದ್ದು ಅದೊಂದನ್ನೇ.

ಮೂಲ ಗುರುತಿಸುವುದು ಏಕೆ ಮುಖ್ಯ? ಬಂಡೆ ಒಡೆಯುವ 90 ಡೆಸಿಬೆಲಿನ ಬ್ರೇಕರ್ ಜೊತೆ 80ರ ಮಿಕ್ಸರ್ ಓಡಿದರೆ ಒಟ್ಟು 90.4. ಮಿಕ್ಸರ್ ನಿಲ್ಲಿಸಿ ಉಪಕಾರ ಮಾಡಿದೆನೆಂದು ಬೀಗುವ ಮೇಸ್ತ್ರಿ ಅರ್ಧ ಡೆಸಿಬೆಲೂ ಉಳಿಸಿರುವುದಿಲ್ಲ. ಬೆಂಗಳೂರಿನ ನೆಲದಡಿ ಗಟ್ಟಿ ಬಂಡೆ. ಹಿಟಾಚಿಗೆ ಸಿಕ್ಕಿಸಿದ ಬ್ರೇಕರಿನ ಉಳಿ ಅದನ್ನು ಕುಟ್ಟುವಾಗ ಉಳಿದ ಯಂತ್ರಗಳ ಲೆಕ್ಕವೇ ಬೇಡ. ಸುತ್ತ ನಿಲ್ಲಿಸುವ ತಗಡಂತೂ ದೂಳಿಗೆ. ಮಹಡಿ ಕಿಟಕಿಯಿಂದ ಯಂತ್ರ ಕಂಡರೆ ಆ ಮನೆಗೆ ತಗಡು ಇದ್ದೂ ಇಲ್ಲದ ಹಾಗೆ. ಪಾಟರಿ ಟೌನ್, ಕಂಟೋನ್ಮೆಂಟ್ ಮೆಟ್ರೊ ನಿಲ್ದಾಣಗಳ ಅಗೆತದ ಬಗ್ಗೆ ಪತ್ರಿಕೆಗಳು ಬರೆದವು, ಸುರಂಗ ಕೊರೆದ ಯಂತ್ರಗಳ ಹೆಸರೂ ಊರಿಗೆ ಗೊತ್ತಾಯಿತು. ಮೂವತ್ತು-ನಲವತ್ತರ ಸೈಟಿನ ಬ್ರೇಕರ್ ಸುದ್ದಿಯಾಗುವುದಿಲ್ಲ.

ಯುರೋಪಿನಲ್ಲಿ 2000ದ ನಿರ್ದೇಶನದ ಪ್ರಕಾರ ಕಂಪ್ರೆಸರ್, ಕೈಬ್ರೇಕರುಗಳ ಮೈಮೇಲೇ ಖಾತರಿ ಶಬ್ದಮಟ್ಟ ನಮೂದಿಸಬೇಕು. ಇಲ್ಲಿ ಬಾಡಿಗೆಗೆ ಬರುವ ಯಂತ್ರದ ಮೇಲೆ ಮಾಲೀಕನ ಫೋನ್ ನಂಬರು ಮಾತ್ರ ಇರುತ್ತದೆ.

ಇನ್ನು ಕಾರ್ಮಿಕನ ಕಿವಿ. 1998ರ ಕಟ್ಟಡ ಕಾರ್ಮಿಕರ ಕೇಂದ್ರ ನಿಯಮಗಳಲ್ಲಿ ಎಂಟು ಗಂಟೆಗೆ 90 ಡೆಸಿಬೆಲ್ ಎಂದಿದೆ. ಆದರೆ ಅದು ಕಾರ್ಮಿಕ ಇಲಾಖೆಯ ಕಡತ. ನೆರೆಯವರ ದೂರು ಪೊಲೀಸರಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ಹೋಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಬ್ರೇಕರಿನಿಂದ ಎರಡು ಮೀಟರ್ ದೂರದಲ್ಲಿ ಕಲ್ಲು ಎತ್ತುವವನಿಗೆ, 16 ಮೀಟರ್ ಆಚೆ ಗೇಟಿನ ಬಳಿ ಮೊಬೈಲ್ ಹಿಡಿದವರಿಗಿಂತ 18 ಡೆಸಿಬೆಲ್ ಹೆಚ್ಚು. ದೂರಿನ ಅರ್ಜಿಯಲ್ಲಿ ಬರೆಯುವುದು ಗೇಟಿನ ಅಂಕಿಯನ್ನೇ.