ಮೃತ್ಯುದೇವಿಯ ಅಶ್ರುಗಳು: ರೋಗೋತ್ಪತ್ತಿಯನ್ನು ಕುರಿತ ಒಂದು ಪುರಾತನಾಖ್ಯಾನದ ವಿಚಾರ

ಮನುಷ್ಯನು ಏಕೆ ಸಾಯುವನು, ಸಾಯುವುದಕ್ಕೆ ಮೊದಲು ಏಕೆ ರೋಗದಿಂದ ನರಳುವನು ಎಂಬ ಪ್ರಶ್ನೆಗಳಿಗೆ ಉತ್ತರರೂಪವಾದ ಕಥೆಗಳು ನಾನಾ ದೇಶಗಳ ಜನರಲ್ಲಿ ಬಳಕೆಯಲ್ಲಿರುವುವು. ಇಂಥ ಕಥೆಗಳನ್ನು ಸಂಗ್ರಹಿಸಿದ ಫ್ರೇಜರ್ ಪಂಡಿತರು 1913ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿರುವರು: ಇಬ್ಬರು ದೂತರ ಕಥೆ, ಚಂದ್ರನ ವೃದ್ಧಿಕ್ಷಯಗಳ ಕಥೆ, ಹಾವು ಪೊರೆ ಬಿಡುವ ಕಥೆ, ಬಾಳೆಯ ಕಥೆ. ದಕ್ಷಿಣ ಆಫ್ರಿಕದ ಜುಲು ಜನರ ಕಥೆಯಲ್ಲಿ ಮನುಷ್ಯರಿಗೆ ಸಾವಿಲ್ಲವೆಂಬ ಸಂದೇಶವನ್ನು ಹೊತ್ತ ಗೋಸುಂಬೆಯು ದಾರಿಯಲ್ಲಿ ತಡಮಾಡಿತು. ಸಾವುಂಟೆಂಬ ಸಂದೇಶವನ್ನು ಹೊತ್ತ ಹಲ್ಲಿಯು ಮೊದಲು ಬಂದು ಮುಟ್ಟಿತು. ಸುಲವೇಸಿ ದ್ವೀಪದ ಪೋಸೋ ಸೀಮೆಯ ಕಥೆಯಲ್ಲಿ ದೇವರು ಇಳಿಯಬಿಟ್ಟ ಕಲ್ಲನ್ನು ಬೇಡವೆಂದು ಬಾಳೆಹಣ್ಣನ್ನು ತೆಗೆದುಕೊಂಡ ಆದಿದಂಪತಿಗಳು, ಕಲ್ಲಿನ ಸ್ಥಿರತೆಯನ್ನು ಕಳೆದುಕೊಂಡು ಬಾಳೆಯ ಗತಿಯನ್ನು ಪಡೆದರು. ಇವೆರಡರಲ್ಲಿಯೂ ಮರಣಕ್ಕೆ ಕಾರಣವು ದೂತನದೋ ಮನುಷ್ಯನದೋ ಆದ ಒಂದು ಪ್ರಮಾದವೇ ಆಗಿದೆ.

ಮಹಾಭಾರತದ ಮೃತ್ಯೂತ್ಪತ್ತಿಯ ಆಖ್ಯಾನವು ಈ ನಾಲ್ಕು ವರ್ಗಗಳಲ್ಲಿ ಯಾವುದಕ್ಕೂ ಸೇರತಕ್ಕುದಲ್ಲವೆಂಬುದನ್ನೂ, ಅದರ ವಿಶೇಷವು ರೋಗದ ವಿಷಯದಲ್ಲಿ ಅಡಗಿದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಈ ಆಖ್ಯಾನವು ಶಾಂತಿಪರ್ವದಲ್ಲಿ, ಪರಿಷ್ಕೃತಪಾಠದಂತೆ 248ರಿಂದ 250ರವರೆಗಿನ ಅಧ್ಯಾಯಗಳಲ್ಲಿ, ಬಂದಿದೆ. ರಣದಲ್ಲಿ ಮಡಿದ ಅರಸರನ್ನು ನೆನೆದು, ಮೃತ್ಯುವು ಯಾರದು, ಎಲ್ಲಿಂದ ಬಂದಿತು ಎಂದು ಯುಧಿಷ್ಠಿರನು ಕೇಳಲು, ಭೀಷ್ಮನು ಪುರಾತನೇತಿಹಾಸವೆಂದು ಇದನ್ನು ಹೇಳುವನು. ಹರಿ ಎಂಬ ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಅರಸನೊಬ್ಬನಿಗೆ ನಾರದನು ಹೇಳಿದ ಕಥೆಯಿದು. ಪ್ರಚಲಿತ ಪಾಠದ ದ್ರೋಣಪರ್ವದಲ್ಲಿ ಇದೇ ಕಥೆಯನ್ನು ಅಭಿಮನ್ಯುವಧದ ತರುವಾಯ ವ್ಯಾಸರು ಹೇಳುವರು. ಪುಣೆಯ ಪರಿಷ್ಕೃತ ಮುದ್ರಣದಲ್ಲಿ ಆ ಭಾಗವು ಮೂಲದಿಂದ ಅನುಬಂಧಕ್ಕೆ ಸರಿದಿದೆ. ಅಲ್ಲಿ ಅರಸನ ಹೆಸರು ಅಕಂಪನ; ಶಾಂತಿಪರ್ವದಲ್ಲಿ ಪಾಠಭೇದದಿಂದ ಅನುಕಂಪಕನೆಂದೂ ಅವಿಕಂಪಕನೆಂದೂ ಕಾಣುವುದು. ಹೆಸರು ಹೀಗೆ ಮಾರ್ಪಡುತ್ತಿದ್ದರೂ ಕಥಾಶರೀರವು ಒಂದೇ ಆಗಿರುವುದರಿಂದ, ಇದು ಗ್ರಂಥಸ್ಥವಾಗುವುದಕ್ಕೆ ಮೊದಲು ಜನರ ಬಾಯಲ್ಲಿ ಸಂಚರಿಸುತ್ತಿದ್ದ ಕಥೆಯೆಂದು ಊಹಿಸುವುದು ಅಯುಕ್ತವಾಗಲಾರದು.

ಕಥಾಸಾರವು ಹೀಗಿದೆ. ಬ್ರಹ್ಮನು ಪ್ರಜೆಗಳನ್ನು ಸೃಷ್ಟಿಸಿದನು; ಅವು ಬೆಳೆದುವೇ ಹೊರತು ಸಾಯಲಿಲ್ಲ. ಲೋಕದಲ್ಲಿ ಉಸಿರಾಡುವುದಕ್ಕೂ ಎಡೆಯಿಲ್ಲದಾಯಿತು. ಭಾರದಿಂದ ಭೂಮಿಯು ನೀರಿನಲ್ಲಿ ಮುಳುಗತೊಡಗಿತು. ಉಪಾಯಗಾಣದ ಬ್ರಹ್ಮನ ಕೋಪಾಗ್ನಿಯು ಲೋಕವನ್ನು ಸುಡಲಾರಂಭಿಸಲು, ಸ್ಥಾಣುವು ಪ್ರಾರ್ಥಿಸಿ ಅದನ್ನು ಶಮನಗೊಳಿಸಿದನು. ಆ ಬೆಂಕಿಯನ್ನು ಒಳಕ್ಕೆ ಸೆಳೆದುಕೊಳ್ಳುವಾಗ ಬ್ರಹ್ಮನ ಇಂದ್ರಿಯಗಳಿಂದ ರಕ್ತವಸ್ತ್ರವನ್ನುಟ್ಟ ಕಪ್ಪುವರ್ಣದ ಸ್ತ್ರೀಯೊಬ್ಬಳು ಹೊರಟಳು; ಅವಳೇ ಮೃತ್ಯು. ಪ್ರಜೆಗಳನ್ನು ಸಂಹರಿಸೆಂಬ ಆಜ್ಞೆಯನ್ನು ಕೇಳಿ ಅವಳು ಅತ್ತಳು. ಆ ಕಣ್ಣೀರನ್ನು ಬ್ರಹ್ಮನು ತನ್ನ ಕೈಗಳಲ್ಲಿ ಹಿಡಿದನು. ನಿರಪರಾಧಿಗಳಾದ ಬಾಲರನ್ನೂ ವೃದ್ಧರನ್ನೂ ಕೊಲ್ಲಲಾರೆನೆಂದು ಅವಳು ಧೇನುಕಾಶ್ರಮವೇ ಮೊದಲಾದ ಎಡೆಗಳಲ್ಲಿ ದೀರ್ಘಕಾಲ ತಪಸ್ಸು ಮಾಡಿದಳು. ಕಡೆಗೆ ಬ್ರಹ್ಮನು, ನಿನಗೆ ಅಧರ್ಮವು ತಟ್ಟದು, ನಾನು ಹಿಡಿದ ನಿನ್ನ ಅಶ್ರುಬಿಂದುಗಳೇ ವ್ಯಾಧಿಗಳಾಗಿ ಕಾಲ ಬಂದಾಗ ಮನುಷ್ಯರನ್ನು ಪೀಡಿಸುವುವು, ಕಾಮಕ್ರೋಧಗಳೂ ನಿನಗೆ ನೆರವಾಗುವುವು ಎಂದು ಸಮಾಧಾನ ಹೇಳಿದನು. ಶಾಪಭಯದಿಂದ ಅವಳು ಒಪ್ಪಿದಳು.

ಇದರ ಪೂರ್ವರೂಪವು ವೇದವಾಙ್ಮಯದಲ್ಲಿ ಉಂಟೇ? ಶತಪಥಬ್ರಾಹ್ಮಣದ ಹತ್ತನೆಯ ಕಾಂಡದಲ್ಲಿ ದೇವತೆಗಳು ಅಮರರಾದಾಗ ಮೃತ್ಯುವು ತನ್ನ ಪಾಲೇನೆಂದು ಕೇಳುವುದೂ, ಇನ್ನು ಶರೀರದೊಡನೆ ಯಾರೂ ಅಮರರಾಗಕೂಡದೆಂದು ನಿರ್ಣಯವಾಗುವುದೂ ಇದೆ. ಆದರೆ ಅಲ್ಲಿ ಮೃತ್ಯುವು ತನ್ನ ಭಾಗವನ್ನು ಕೇಳುವ ಪುರುಷನು, ಅಳುವ ಸ್ತ್ರೀಯಲ್ಲ. ಕಣ್ಣೀರು ವಸ್ತುವಾಗಿ ಪರಿಣಮಿಸುವ ಕಲ್ಪನೆಯಾದರೋ ತೈತ್ತಿರೀಯ ಸಂಹಿತೆಯಲ್ಲಿಯೇ ಇದೆ: ರೋದನದಿಂದ ರುದ್ರನೆನಿಸಿದ ಅಗ್ನಿಯ ಅಶ್ರುವು ಬೆಳ್ಳಿಯಾಯಿತೆಂದೂ, ಆದುದರಿಂದ ಯಜ್ಞದಲ್ಲಿ ಅದನ್ನು ಕೊಡಬಾರದೆಂದೂ ಅಲ್ಲಿ ಹೇಳಿದೆ. ಆದಕಾರಣ ಮೃತ್ಯ್ವಾಖ್ಯಾನದ ಅಶ್ರುಕಲ್ಪನೆಯ ಬೇರನ್ನು ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬಾಬಿಲೋನಿಯದ ಅತ್ರಹಸೀಸ್ ಕಾವ್ಯದಲ್ಲಿ, ಅದರ ಕ್ರಿ.ಪೂ. 17ನೆಯ ಶತಮಾನದ ಪ್ರತಿಯಲ್ಲಿಯೇ, ಮನುಷ್ಯರ ಸಂಖ್ಯೆಯೂ ಗದ್ದಲವೂ ಹೆಚ್ಚಲು ದೇವತೆಯು ವ್ಯಾಧಿಯನ್ನೂ ಕ್ಷಾಮವನ್ನೂ ಜಲಪ್ರಳಯವನ್ನೂ ಕಳುಹಿಸುವ ಕಥೆಯಿರುವುದರಿಂದ, ನಮ್ಮ ಆಖ್ಯಾನವು ಅದರ ಛಾಯೆಯಾಗಿರಬಾರದೇಕೆ ಎಂದು. ಜನಸಂಖ್ಯಾವೃದ್ಧಿಯೆಂಬ ನಿಮಿತ್ತವು ಎರಡರಲ್ಲಿಯೂ ಸಮಾನವೆಂಬುದು ನಿಜ. ಆದರೆ ಅಲ್ಲಿ ರೋಗವು ನಿದ್ರಾಭಂಗದಿಂದ ಮುನಿದ ದೇವತೆಯ ಆಯುಧ. ಇಲ್ಲಿ ರೋಗವು ಕೊಲ್ಲಲೊಲ್ಲದವಳ ಕಣ್ಣೀರು. ನಿಮಿತ್ತಸಾಮ್ಯಮಾತ್ರದಿಂದ ಜನ್ಯಜನಕಭಾವವು ಸಿದ್ಧಿಸಲಾರದು.

ಇನ್ನು ನಮ್ಮಲ್ಲಿಯೇ ಇರುವ ಇತರ ರೋಗೋತ್ಪತ್ತಿಕಥೆಗಳೊಡನೆ ಇದನ್ನು ಹೋಲಿಸಿದರೆ ಭೇದವು ಸ್ಫುಟವಾಗುವುದು. ತೈತ್ತಿರೀಯ ಸಂಹಿತೆಯಲ್ಲಿ ಪ್ರಜಾಪತಿಯ 33 ಮಂದಿ ಪುತ್ರಿಯರನ್ನು ಮದುವೆಯಾದ ಸೋಮನು ರೋಹಿಣಿಯೊಬ್ಬಳಲ್ಲಿಯೇ ಆಸಕ್ತನಾದುದರಿಂದ ಯಕ್ಷ್ಮವು ಅವನನ್ನು ಹಿಡಿಯಿತು. ಇದೇ ರಾಜಯಕ್ಷ್ಮದ ಹುಟ್ಟು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೂ ಈ ಕಥೆಯುಂಟು. ಜ್ವರವು ದಕ್ಷಯಜ್ಞದಲ್ಲಿ ರುದ್ರನ ಕೋಪದಿಂದ ಹುಟ್ಟಿತೆಂದು ಚರಕಸಂಹಿತೆಯೂ, ಅವನ ಲಲಾಟದ ಬೆವರಿನಿಂದ ಹುಟ್ಟಿತೆಂದು ಶಾಂತಿಪರ್ವವೂ ಹೇಳುವುವು. ಜನಪದಗಳನ್ನು ಹಾಳುಮಾಡುವ ಮಹಾವ್ಯಾಧಿಗಳಿಗೆ ಅಧರ್ಮವೇ ಮೂಲವೆಂದು ಚರಕಸಂಹಿತೆಯ ವಿಮಾನಸ್ಥಾನವು ನಿರ್ಣಯಿಸಿದೆ. ಇವೆಲ್ಲವುಗಳಲ್ಲಿ ರೋಗದ ಹಿಂದೆ ಒಂದು ಅಪರಾಧವಿದೆ. ಮೃತ್ಯ್ವಾಖ್ಯಾನದಲ್ಲಿ ಮಾತ್ರ ಅಪರಾಧವಿಲ್ಲ. ಪ್ರಜೆಗಳು ಮಾಡಿದುದು ಹುಟ್ಟಿ ಬೆಳೆದುದಿಷ್ಟೇ.

ಹಾಗಾದರೆ ಕಾಮಕ್ರೋಧಗಳನ್ನು ಹೇಳಿದುದೇಕೆ? ಪ್ರಾಣಿಗಳು ತಮ್ಮನ್ನು ತಾವೇ ಕೊಂದುಕೊಳ್ಳುವುವು, ದಂಡಪಾಣಿಯಾದ ಮೃತ್ಯುವು ಕೊಲ್ಲುವುದಿಲ್ಲವೆಂದು ದ್ರೋಣಪರ್ವದ ಪಾಠವು ಮುಗಿಯುವುದಷ್ಟೇ? ಸಮಾಧಾನವಿಷ್ಟು: ಮೃತ್ಯುವಿಗೆ ಎರಡು ಬಗೆಯ ನೆರವು ದೊರೆತಿದೆ. ಕಾಮಕ್ರೋಧಗಳಿಂದಾಗುವ ಸಾವಿಗೆ ಪ್ರಾಣಿಯೇ ಹೊಣೆ. ಕುರುಕ್ಷೇತ್ರದ ಸಾವುಗಳು ಅಂಥವು. ವ್ಯಾಧಿಯು ಹಾಗಲ್ಲ, ಅದು ಪ್ರಾಣಿಗಳಿಗಾಗಿ ಸುರಿದ ಅಶ್ರು. ಆಖ್ಯಾನಕಾರನು ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿರುವುದು ನಿರರ್ಥಕವಲ್ಲ.

ನಮ್ಮ ನಾಡಿನ ಜನರು ಸಿಡುಬನ್ನು ‘ಅಮ್ಮ’ ಎಂದು ಕರೆದು, ರೋಗಿಯನ್ನು ಪಾಪಿಯೆನ್ನದೆ ತಾಯಿಯು ಬಂದು ನೆಲಸಿದ ಮನೆಯೆಂಬಂತೆ ಬೇವಿನ ಸೊಪ್ಪಿನಿಂದ ಉಪಚರಿಸುತ್ತಿದ್ದುದು ಇಲ್ಲಿ ಸ್ಮರಣೀಯ. ಆ ರೋಗವು ಲೋಕದಿಂದ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿತವಾಯಿತಾದರೂ ಮಾತು ಉಳಿದಿದೆ. ಗ್ರಾಮದ ಈ ಭಾವನೆಯು ಭಾರತದಿಂದ ಬಂದುದೆಂದು ಹೇಳಲು ಪ್ರಮಾಣವಿಲ್ಲ. ಎರಡೂ ರೋಗಿಯನ್ನು ದೋಷಿಯೆನ್ನಲೊಪ್ಪುವುದಿಲ್ಲವೆಂಬಷ್ಟೇ ಸಾಮ್ಯ.

ವ್ಯಾಧಿಗ್ರಸ್ತನನ್ನು ಕಂಡೊಡನೆ ಇದು ಅವನು ಮಾಡಿದ ಪಾಪದ ಫಲವೆಂದು ಹೇಳಿ, ಅದಕ್ಕೆ ಶಾಸ್ತ್ರವನ್ನು ಸಾಕ್ಷಿಗೆ ಕರೆಯುವ ವಾಡಿಕೆಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹಾಗೆ ಹೇಳುವ ವಚನಗಳು ಉಂಟೆಂಬುದನ್ನು ಅಲ್ಲಗಳೆಯಲಾಗದು. ಆದರೆ ಭಾರತವು ಅದೊಂದನ್ನೇ ಹೇಳಿತೆನ್ನುವುದು ಭಾರತವನ್ನು ಅರ್ಧ ಓದಿದಂತೆ. ಶಾಂತಿಪರ್ವವನ್ನು ಪಾಠ ಹೇಳುವವರು ಜ್ವರೋತ್ಪತ್ತಿಯೊಡನೆ ಈ ಆಖ್ಯಾನವನ್ನೂ ಶಿಷ್ಯರ ಮುಂದಿಟ್ಟರೆ, ರೋಗವನ್ನು ಕುರಿತು ನಮ್ಮ ಪೂರ್ವಿಕರು ಆಲೋಚಿಸಿದ ಎರಡು ದಾರಿಗಳೂ ಅವರಿಗೆ ತಿಳಿಯುವುವು.